ಮಿನಿ ಬುಲ್‌ಡಾಗ್ ಮರಿ ತರುವ ಮುನ್ನ: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಮುಂಬಯಿ ಬಳಿಯ ಡೊಂಬಿವಿಲಿಯ ಮಹಿಳೆ): ಡಾಕ್ಟರೇ, ನಮಸ್ಕಾರ. ನಮ್ಮದು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಸಣ್ಣ ಮನೆ. ಹತ್ತನೆಯ ತರಗತಿ ಮುಗಿಸಿರುವ ಮಗ ಮಿನಿಯೇಚರ್ ಬುಲ್‌ಡಾಗ್ ಬೇಕೆಂದು ಹಟ ಹಿಡಿದಿದ್ದಾನೆ. ಪುಣೆಯ ಕಡೆಯ ಮಾರಾಟಗಾರರೊಬ್ಬರು ಆರು ವಾರದ ಮರಿಯ ಫೋಟೋ ಕಳುಹಿಸಿದ್ದಾರೆ. ಇದು ಅಪ್ಪಟ ತಳಿ, ಎಷ್ಟು ಬೆಳೆದರೂ ಹತ್ತು ಕಿಲೋ ದಾಟುವುದಿಲ್ಲ, ಹನ್ನೆರಡು ವರ್ಷ ಬಾಳುತ್ತದೆ, ಕಾಗದಪತ್ರವನ್ನೂ ಕೊಡುತ್ತೇನೆ ಎನ್ನುತ್ತಾರೆ. ಇಲ್ಲಿನ ಸೆಕೆಗೆ, ನಮ್ಮಂಥ ಮನೆಗೆ ಈ ನಾಯಿ ಹೊಂದುತ್ತದೆಯೇ?

ಉತ್ತರ (ಪಶುವೈದ್ಯರು, ಮುಂಬಯಿಯ ಮುಲುಂಡ್): ನಮಸ್ಕಾರ ಅಮ್ಮ. ಮುಂಗಡ ಕೊಡುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು.

ಮಿನಿಯೇಚರ್ ಬುಲ್‌ಡಾಗ್ ಎಂಬುದು ಅಂಗೀಕೃತ ತಳಿಯಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಆ ಹೆಸರಿನಲ್ಲಿ ಯಾವ ನಾಯಿಯನ್ನೂ ನೋಂದಾಯಿಸುವುದಿಲ್ಲ. ಸಾಮಾನ್ಯವಾಗಿ ಇಂಗ್ಲಿಷ್ ಬುಲ್‌ಡಾಗ್ ಮತ್ತು ಪಗ್‌ಗಳನ್ನು ಕೂಡಿಸಿ ಪಡೆದ ಮರಿಗಳನ್ನು ಈ ಹೆಸರಿನಲ್ಲಿ ಮಾರುತ್ತಾರೆ. ಕೆಲವೊಮ್ಮೆ ಫ್ರೆಂಚ್ ಬುಲ್‌ಡಾಗ್‌ನ ಮಿಶ್ರಣವೂ ಇರುತ್ತದೆ, ಇನ್ನು ಕೆಲವೊಮ್ಮೆ ಬೆಳವಣಿಗೆ ಕುಂಠಿತವಾದ ಬುಲ್‌ಡಾಗ್ ಮರಿಯೇ 'ಮಿನಿ' ಎನಿಸಿಕೊಳ್ಳುತ್ತದೆ. ಆದ್ದರಿಂದ 'ಅಪ್ಪಟ ತಳಿಯ ಕಾಗದ' ಎಂಬ ಮಾತಿಗೆ ಅರ್ಥವಿಲ್ಲ. ಗಾತ್ರದ ಭರವಸೆಯೂ ಅಷ್ಟೇ. ಪಗ್ ಆರರಿಂದ ಎಂಟು ಕಿಲೋ ತೂಗುತ್ತದೆ, ಇಂಗ್ಲಿಷ್ ಬುಲ್‌ಡಾಗ್ 18ರಿಂದ 25 ಕಿಲೋ. ಇವೆರಡರ ಮರಿ ಯಾರನ್ನು ಹೋಲುತ್ತದೆಂದು ಆರು ವಾರಕ್ಕೆ ಯಾರೂ ಹೇಳಲಾರರು. ಬೆಳೆದಾಗ ಎತ್ತರ 12ರಿಂದ 14 ಅಂಗುಲ, ತೂಕ 9ರಿಂದ 18 ಕಿಲೋ ಇರುವುದು ಸಾಮಾನ್ಯ. 18 ಕಿಲೋ ತೂಗುವ ನಾಯಿಗೆ ಹುಷಾರಿಲ್ಲದ ದಿನ ಅದನ್ನು ಎತ್ತಿಕೊಂಡು ಮೂರು ಮಹಡಿ ಇಳಿಯಲು ಮನೆಯಲ್ಲಿ ಯಾರಿದ್ದಾರೆ ಎಂದು ಈಗಲೇ ಯೋಚಿಸಿ.

ಆಯುಸ್ಸಿನ ಬಗ್ಗೆ ಮಿಶ್ರತಳಿಗೇ ಅನ್ವಯಿಸುವ ಲೆಕ್ಕವನ್ನು ನಾನು ಕೊಡಲಾರೆ. ಆದರೆ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು 2022ರಲ್ಲಿ ಬ್ರಿಟನ್ನಿನ ಸಾಕುನಾಯಿಗಳ ದಾಖಲೆಗಳಿಂದ ಲೆಕ್ಕ ಹಾಕಿದಾಗ ಇಂಗ್ಲಿಷ್ ಬುಲ್‌ಡಾಗ್‌ನ ಸರಾಸರಿ ಜೀವಿತಾವಧಿ 7.39 ವರ್ಷ, ಪಗ್‌ನದು 7.65 ವರ್ಷ ಎಂದು ಕಂಡುಬಂತು. ತಂದೆ ತಾಯಿಯ ಕಡೆಯದೇ ಹೀಗಿರುವಾಗ ಮರಿಗೆ ಹನ್ನೆರಡು ವರ್ಷದ ಮಾತು ಕೊಡುವುದು ಸರಿಯಲ್ಲ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಉಸಿರಿನ ವಿಷಯ. ಉಳಿದೆಲ್ಲವೂ ಅದರ ನಂತರ. ಈ ನಾಯಿಗಳ ಮುಖದ ಎಲುಬು ಮೊಟಕಾಗಿದ್ದರೂ ಒಳಗಿನ ಮಾಂಸ ಅದೇ ಪ್ರಮಾಣದಲ್ಲಿ ಕಡಿಮೆಯಾಗಿಲ್ಲ. ಹೊಳ್ಳೆಗಳು ಮುಚ್ಚಿಕೊಂಡಿರುತ್ತವೆ, ಮೃದು ಅಂಗುಳ, ಅಂದರೆ ಬಾಯಿಯ ಮೇಲ್ಭಾಗದ ಹಿಂದಿನ ಮೆತ್ತನೆಯ ಮಾಂಸ, ಉದ್ದವಾಗಿ ಗಂಟಲೊಳಗೆ ಇಳಿಬಿದ್ದಿರುತ್ತದೆ, ಹಲವಕ್ಕೆ ಶ್ವಾಸನಾಳವೂ ಕಿರಿದು. ನಾಯಿಗೆ ಬೆವರುವ ಗ್ರಂಥಿಗಳು ಬಹುಮಟ್ಟಿಗೆ ಪಾದದಲ್ಲಿ ಮಾತ್ರ ಇರುವುದರಿಂದ ಅದು ಏದುಸಿರು ಬಿಟ್ಟು, ನಾಲಿಗೆ ಮತ್ತು ಮೂಗಿನೊಳಗಿನ ತೇವವನ್ನು ಆವಿಯಾಗಿಸಿ ಮೈ ತಂಪು ಮಾಡಿಕೊಳ್ಳಬೇಕು. ಮುಂಬಯಿಯ ಗಾಳಿಯಲ್ಲಿ ನೀರಿನಂಶ ತುಂಬಿರುವಾಗ ಆ ತೇವ ಆರುವುದೇ ಇಲ್ಲ. ನಾಯಿ ಇನ್ನೂ ಜೋರಾಗಿ ಏದುತ್ತದೆ, ಆ ಶ್ರಮದಿಂದಲೇ ಮೈ ಕಾಯುತ್ತದೆ, ಗಂಟಲು ಊದುತ್ತದೆ, ದಾರಿ ಮತ್ತಷ್ಟು ಕಿರಿದಾಗುತ್ತದೆ. ಪುಣೆಯ 40 ಡಿಗ್ರಿ ಒಣ ಬಿಸಿಲು ಕೆಟ್ಟದ್ದೇ, ಆದರೆ ನಮ್ಮ 34 ಡಿಗ್ರಿಯ ಜಿಗುಟು ಸೆಕೆ ಇವುಗಳಿಗೆ ಅದಕ್ಕಿಂತ ಮೋಸದ್ದು. ಮಾಲೀಕರಿಗೆ ಅಪಾಯ ಕಾಣುವುದೇ ಇಲ್ಲ.

ಆದ್ದರಿಂದ ಫೋಟೋ ನೋಡಿ ಮರಿ ಕೊಳ್ಳಬೇಡಿ. ಖುದ್ದಾಗಿ ಹೋಗಿ ತಾಯಿ ನಾಯಿಯನ್ನು ತೋರಿಸಲು ಕೇಳಿ. ಅದರ ಮೂಗನ್ನು ಎದುರಿನಿಂದ ನೋಡಿ: ಸರಿಯಾದ ಹೊಳ್ಳೆ ಅಲ್ಪವಿರಾಮದ ಚಿಹ್ನೆಯಂತೆ ತೆರೆದಿರುತ್ತದೆ, ಕೆಟ್ಟದ್ದು ಬ್ಲೇಡಿನಲ್ಲಿ ಗೀರಿದ ಗೆರೆಯಂತಿರುತ್ತದೆ. ಬಳಿಕ ತಂಪು ಹೊತ್ತಿನಲ್ಲಿ ಅದನ್ನು ಮೂರು ನಿಮಿಷ ಚುರುಕಾಗಿ ನಡೆಸಲು ಹೇಳಿ, ಬಳಿಯಲ್ಲಿ ಕೂತು ಉಸಿರಿನ ಸದ್ದನ್ನು ಕೇಳಿಸಿಕೊಳ್ಳಿ. ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಕೆನಲ್ ಕ್ಲಬ್ 2019ರಲ್ಲಿ ಜಾರಿಗೆ ತಂದ ಪರೀಕ್ಷೆಯಲ್ಲೂ ಮೂರು ನಿಮಿಷದ ಓಟದ ಮೊದಲು ಮತ್ತು ನಂತರ ಗಂಟಲಿಗೆ ಸ್ಟೆತೊಸ್ಕೋಪ್ ಇಟ್ಟು ಆಲಿಸಿ, ಸೊನ್ನೆಯಿಂದ (ತೊಂದರೆಯಿಲ್ಲ) ಮೂರರವರೆಗೆ (ತೀವ್ರ ತೊಂದರೆ) ದರ್ಜೆ ಕೊಡುತ್ತಾರೆ. ತಾಯಿಯನ್ನು ತೋರಿಸಲು ಒಪ್ಪದವರಿಂದ ಮರಿ ತರಲೇಬೇಡಿ.

ಇನ್ನೊಂದು ಮಾತು. ನಾಯಿಮರಿಗಳ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಸಾಕಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆ ನೋಂದಣಿ ಪತ್ರವನ್ನು ಕೇಳಿ ನೋಡಿ.

ಪ್ರಶ್ನೆ (ಪುಣೆ, ಕೋಥ್ರೂಡ್‌ನ ನಿವಾಸಿ): ಸರ್, ನಮ್ಮಲ್ಲಿ ಇದೇ ಜಾತಿಯ ಎರಡು ವರ್ಷದ ಗಂಡು ಇದೆ, ತೂಕ 17 ಕಿಲೋ. ಮಲಗಿದರೆ ಮನೆಯೆಲ್ಲ ಕೇಳುವಂತೆ ಗೊರಕೆ, ಊಟವಾದ ಮೇಲೆ ಬಿಳಿ ನೊರೆ ಕಾರುತ್ತದೆ, ಮುಖದ ಮಡಿಕೆಯಿಂದ ಹುಳಿ ವಾಸನೆ ಬರುತ್ತದೆ. ದಿನವೂ ಮೊಸರನ್ನ, ಚಪಾತಿ, ನಮ್ಮ ಸಾರಿನಲ್ಲಿ ಕಲಸಿದ ಅನ್ನ ಹಾಕುತ್ತೇವೆ. ಗೊರಕೆ ಇವಕ್ಕೆ ಸಹಜವೆಂದು ಕೇಳಿದ್ದೇನೆ.

ಉತ್ತರ: ಗೊರಕೆ ಇವುಗಳಲ್ಲಿ ಸಾಮಾನ್ಯವೇ ಹೊರತು ಸಹಜವಲ್ಲ. ಉದ್ದವಾದ ಅಂಗುಳ ಗಾಳಿಗೆ ಅಡ್ಡಬಂದು ಅದುರುವ ಸದ್ದು ಅದು. ನೊರೆ ಕಾರುವುದಕ್ಕೂ ಇದೇ ಮೂಲವಿರಬಹುದು, ಏಕೆಂದರೆ ಉಸಿರೆಳೆಯಲು ಹೆಣಗುವ ನಾಯಿಯಲ್ಲಿ ಹೊಟ್ಟೆಯಲ್ಲಿರುವುದು ಅನ್ನನಾಳಕ್ಕೆ ಮೇಲೇರುತ್ತದೆ. ನಾಯಿ ಕೂತು ನಿದ್ದೆ ಮಾಡುತ್ತದೆಯೇ, ನಿದ್ದೆಯಲ್ಲಿ ಉಸಿರು ನಿಂತು ಬೆಚ್ಚಿ ಏಳುತ್ತದೆಯೇ ಎಂದು ಎರಡು ರಾತ್ರಿ ಗಮನಿಸಿ, ಮೊಬೈಲಿನಲ್ಲಿ ಚಿತ್ರಿಸಿಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಹೊಳ್ಳೆ ಅಗಲಿಸುವ, ಅಂಗುಳ ಕತ್ತರಿಸಿ ಗಿಡ್ಡ ಮಾಡುವ ಶಸ್ತ್ರಚಿಕಿತ್ಸೆಯಿಂದ ಹಲವು ನಾಯಿಗಳಿಗೆ ಬಹಳ ನೆಮ್ಮದಿ ಸಿಗುತ್ತದೆ. ತಡಮಾಡಿದಷ್ಟೂ ಗಂಟಲಿನ ಒಳಭಾಗ ಸಡಿಲಗೊಂಡು ಫಲ ಕಡಿಮೆಯಾಗುತ್ತದೆ. ಇವುಗಳಿಗೆ ಅರಿವಳಿಕೆಯ ಅಪಾಯ ಹೆಚ್ಚು, ಎಚ್ಚರವಾಗುವ ಹೊತ್ತು ಅತ್ಯಂತ ಸೂಕ್ಷ್ಮ. ಆದ್ದರಿಂದ ಮೊಟಕು ಮುಖದ ನಾಯಿಗಳಲ್ಲಿ ಕೈಪಳಗಿದ ಶಸ್ತ್ರವೈದ್ಯರನ್ನೇ ಹುಡುಕಿ.

ಊಟದ ಬಗ್ಗೆ ಸ್ವಲ್ಪ ಕಠಿಣವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ; ಅದನ್ನು ಇಂದೇ ನಿಲ್ಲಿಸಿ. ದ್ರಾಕ್ಷಿ, ಚಾಕೊಲೇಟ್ ಕೂಡ ವಿಷವೇ. ತೂಕ ಅತಿಯಾಗಿದೆಯೇ ಎಂದು ಕೈಯಿಂದಲೇ ತಿಳಿಯಬಹುದು: ಎದೆಯ ಪಕ್ಕಕ್ಕೆ ಬೆರಳಿಟ್ಟು ಒತ್ತದೆ ಸವರಿದರೆ ಪಕ್ಕೆಲುಬುಗಳು ಎಣಿಸುವಷ್ಟು ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಗೆ ಸರಿದಿರಬೇಕು. ಸಿಗದಿದ್ದರೆ ಅನ್ನ, ಚಪಾತಿ ತಗ್ಗಿಸಿ, ಅಳತೆ ಮಾಡಿ ಹಾಕಿ. ಗಂಟಲಿನ ಸುತ್ತ ಕೊಬ್ಬು ಕರಗಿದಷ್ಟೂ ಗಾಳಿಗೆ ದಾರಿಯಾಗುತ್ತದೆ. ಕತ್ತಿನ ಪಟ್ಟಿ ತೆಗೆದು ಎದೆಗೆ ಕಟ್ಟುವ ಹಾರ್ನೆಸ್ ಹಾಕಿ.

ಮುಖದ ಮಡಿಕೆಯನ್ನು ದಿನಕ್ಕೊಮ್ಮೆ ಎರಡು ಬೆರಳಿನಿಂದ ಅಗಲಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಹತ್ತಿ ಬಟ್ಟೆಯಿಂದ ತಳದವರೆಗೂ ಒರೆಸಿ, ಒಣ ಬಟ್ಟೆಯಿಂದ ತೇವವನ್ನು ಪೂರ್ತಿ ತೆಗೆಯಿರಿ. ಒರೆಸಿದವರಲ್ಲಿ ಹೆಚ್ಚಿನವರು ಒಣಗಿಸುವುದನ್ನು ಮರೆಯುತ್ತಾರೆ, ಮಳೆಗಾಲದಲ್ಲಿ ಆ ತೇವವೇ ಹುಣ್ಣಾಗುತ್ತದೆ. ಬಾಲದ ಬುಡದ ಗುಂಡಿಯನ್ನೂ ಹೀಗೇ ನೋಡಿ. ಪೌಡರ್ ಹಾಕಬೇಡಿ. ಈಗಾಗಲೇ ವಾಸನೆ ಬರುತ್ತಿರುವುದರಿಂದ ಒಮ್ಮೆ ವೈದ್ಯರಿಗೆ ತೋರಿಸಿಯೇ ಮುಂದುವರಿಯಿರಿ.

ಪ್ರಶ್ನೆ (ಗೋವಾ, ವಾಸ್ಕೋದ ಮಹಿಳೆ): ನಮ್ಮ ಬುಲ್‌ಡಾಗ್‌ಗೆ ನೀರೆಂದರೆ ಇಷ್ಟ. ಸೆಕೆ ತಣಿಯಲೆಂದು ಸಮುದ್ರದಲ್ಲಿ ಈಜಿಸಬಹುದೇ? ಸೆಕೆ ತಗುಲಿದರೆ ಏನು ಮಾಡಬೇಕು?

ಉತ್ತರ: ಈಜಿಸಬೇಡಿ. ದೊಡ್ಡ ತಲೆ, ಭಾರದ ಎದೆ, ಗಿಡ್ಡ ಕಾಲುಗಳಿಂದಾಗಿ ಇವು ಮುಳುಗುತ್ತವೆ. ಸಂಜೆ ಮರಳು ತಣ್ಣಗಾದ ಮೇಲೆ ಪಾದ ನೆನೆಯುವಷ್ಟು ನೀರಿನಲ್ಲಿ ನಡೆಸಿದರೆ ಸಾಕು, ಮನೆಗೆ ಬಂದು ಉಪ್ಪುನೀರನ್ನು ತೊಳೆದು ಒರೆಸಿ.

ಸೆಕೆ ತಗುಲಿದ ನಾಯಿ ನಿಲ್ಲಿಸದೆ ಏದುತ್ತದೆ, ಜೊಲ್ಲು ಅಂಟಾಗುತ್ತದೆ, ವಸಡು ಮೊದಲು ಕಡುಗೆಂಪಾಗಿ ಆಮೇಲೆ ನೀಲಿಗೆ ತಿರುಗಬಹುದು, ಕಾಲು ತಡವರಿಸುತ್ತವೆ. ಕೂಡಲೇ ನೆರಳಿಗೆ ತಂದು ಮೈಮೇಲೆಲ್ಲ ನಲ್ಲಿಯ ನೀರು ಸುರಿಯುತ್ತ ಫ್ಯಾನ್ ಹಾಕಿ. ಒದ್ದೆ ಟವೆಲ್ ಸುತ್ತಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ. ಮೊದಲು ತಂಪು ಮಾಡಿ, ಆಮೇಲೆ ಎಸಿ ಹಾಕಿದ ಕಾರಿನಲ್ಲಿ ಆಸ್ಪತ್ರೆಗೆ ಒಯ್ಯಿರಿ. ಚೇತರಿಸಿಕೊಂಡಂತೆ ಕಂಡರೂ ತೋರಿಸಲೇಬೇಕು, ಮೂತ್ರಪಿಂಡದ ಹಾನಿ ಒಂದೆರಡು ದಿನದ ಮೇಲೆ ಗೊತ್ತಾಗುವುದುಂಟು. ಕಳೆದ ಮೇ ತಿಂಗಳಲ್ಲಿ ಮಧ್ಯಾಹ್ನ ಆಟೋದಲ್ಲಿ ತಂದ ನಾಯಿಯೊಂದು ನನ್ನ ಮೇಜಿನ ಮೇಲೆಯೇ ಕಣ್ಣು ಮುಚ್ಚಿತು. ಮನೆಯವರು ಅದನ್ನು ಒದ್ದೆ ಚಾದರದಲ್ಲಿ ಬಿಗಿಯಾಗಿ ಸುತ್ತಿ ತಂದಿದ್ದರು, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪ್ರಶ್ನೆ (ಡೊಂಬಿವಿಲಿಯ ಮಹಿಳೆ): ಡಾಕ್ಟರೇ, ಭಾನುವಾರ ಹೋಗಿ ಬಂದೆವು. ತಾಯಿ ನಾಯಿಯ ಉಸಿರು ಪಕ್ಕದ ಕೋಣೆಯಿಂದಲೇ ಕೇಳುತ್ತಿತ್ತು. ಹೊಳ್ಳೆ ನೀವು ಹೇಳಿದ ಗೆರೆಯಂತೆಯೇ ಇದೆ. ಎರಡು ಸಲ ಸಿಸೇರಿಯನ್ ಆಗಿದೆಯಂತೆ. ನೋಂದಣಿ ಪತ್ರ ತೋರಿಸಲಿಲ್ಲ. ಮರಿಯನ್ನು ಅಲ್ಲಿಯೇ ಬಿಟ್ಟು ಬರಲು ಮಗನಿಗೆ ಮನಸ್ಸೇ ಆಗಲಿಲ್ಲ. ಅಲ್ಲಿಂದ ಬಿಡಿಸಿ ತಂದರೆ ಮರಿಗಾದರೂ ಒಳ್ಳೆಯದಾಗುತ್ತದಲ್ಲವೇ ಎನ್ನುತ್ತಾನೆ.

ಉತ್ತರ: ಮಗನ ಕರುಣೆ ದೊಡ್ಡದು, ಅದನ್ನು ಅವನಿಗೆ ಹೇಳಿ. ಆದರೆ ನೀವು ಕೊಡುವ ಹಣದಿಂದ ಆ ತಾಯಿಗೆ ಮೂರನೆಯ ಸಿಸೇರಿಯನ್ ಆಗುತ್ತದೆ. ದಯವಿಟ್ಟು ತರಬೇಡಿ.

ಅವನಿಗೆ ಆ ಮುಖವೇ ಬೇಕೆಂದಿದ್ದರೆ, ಊರು ಬಿಡುವವರು ಅಥವಾ ಸಾಕಲಾಗದವರು ಬೇರೆ ಮನೆ ಹುಡುಕುತ್ತಿರುವ, ಒಂದು ವರ್ಷ ದಾಟಿದ ನಾಯಿಯನ್ನು ವಿಚಾರಿಸಿ. ಮರಿಯಲ್ಲಿ ಗೊತ್ತಾಗದ ಉಸಿರಿನ ತೊಂದರೆ ಆ ವಯಸ್ಸಿಗೆ ಬಹುಮಟ್ಟಿಗೆ ಕಾಣಿಸಿಕೊಂಡಿರುತ್ತದೆ, ಎಷ್ಟು ತೂಗುತ್ತದೆಂಬುದೂ ಕಣ್ಣೆದುರಿಗಿರುತ್ತದೆ. ಅಂಥದ್ದು ಸಿಕ್ಕರೆ ಒಪ್ಪಿಕೊಳ್ಳುವ ಮೊದಲು ಬೆಳಿಗ್ಗೆ ಎಂಟರೊಳಗೆ ನನ್ನ ಚಿಕಿತ್ಸಾಲಯಕ್ಕೆ ಕರೆತನ್ನಿ. ಹಿಂದಿನ ಗಲ್ಲಿಯಲ್ಲಿ ಮೂರು ನಿಮಿಷ ನಡೆಸಿ ನಾನೇ ಗಂಟಲು ಆಲಿಸುತ್ತೇನೆ. ಮಗನೂ ಬರಲಿ, ಸ್ಟೆತೊಸ್ಕೋಪನ್ನು ಅವನ ಕಿವಿಗೂ ಕೊಡುತ್ತೇನೆ.