ಊರ ಮನೆಗೆ ಮೂರು ರೇಟು, ಯಾವುದನ್ನು ನಂಬೋದು?

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು, ಈಗ ಬೆಂಗಳೂರು): ಸರ್, ನಮ್ಮದು ಹಳ್ಳಿ ಮನೆ. ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು, ಹಿಂದೆ ಕೊಟ್ಟಿಗೆ. ಅಪ್ಪ ಕಟ್ಟಿಸಿ 40 ವರ್ಷ ಆಯ್ತು. ಅಣ್ಣ ಅಲ್ಲೇ ಇರೋದ್ರಿಂದ ಮನೆ ಅವನೇ ಇಟ್ಕೊಂಡು ನನಗೂ ಅಕ್ಕನಿಗೂ ಪಾಲಿನ ದುಡ್ಡು ಕೊಡೋದು ಅಂತ ಮಾತಾಗಿದೆ. ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ಗೊತ್ತು ಮಾಡಿದ ದರ) ಪ್ರಕಾರ 14 ಲಕ್ಷ ಬರುತ್ತೆ. ಹಿಂದೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಹಾಕಿದ್ದು 22. ದಲ್ಲಾಳಿ 45ಕ್ಕೆ ಕೊಡಿಸ್ತೀನಿ ಅಂತಾನೆ. ಅಣ್ಣ 14 ಹಿಡಿದು ಕೂತಿದ್ದಾನೆ, ನಾನು 45. ಆಸ್ತಿಗೆ ಬೆಲೆ ಕಟ್ಟೋ ವ್ಯಾಲ್ಯುಯರ್ ಕರೆಸಿದ್ರೆ ಬಗೆಹರಿಯುತ್ತಾ?

ಉತ್ತರ (ನೋಂದಾಯಿತ ವ್ಯಾಲ್ಯುಯರ್, ಶಿವಮೊಗ್ಗ): ಮೂರೂ ಸುಳ್ಳಲ್ಲ, ಮೂರೂ ನಿಮಗೆ ಬೇಕಾದ್ದಲ್ಲ. ಗೈಡೆನ್ಸ್ ವ್ಯಾಲ್ಯೂ ಇರುವುದು ಮುದ್ರಾಂಕ ಶುಲ್ಕ ಅದಕ್ಕಿಂತ ಕೆಳಗೆ ಇಳಿಯದಿರಲಿ ಅಂತ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಿದರು, ಆದರೂ ನಿಮ್ಮನೆಗೆ ಲಾರಿ ಬರುತ್ತೋ, ಸಂಕ ದಾಟಿ ನಡೆದೇ ಬರಬೇಕೋ ಅನ್ನೋದು ಆ ಪಟ್ಟಿಗೆ ಗೊತ್ತಿಲ್ಲ. ಬ್ಯಾಂಕಿನವರು ನೋಡುವುದು ಸಾಲ ಕೆಟ್ಟರೆ ಗಡಿಬಿಡಿಯಲ್ಲಿ ಮಾರಿದಾಗ ಎಷ್ಟು ಕೈಗೆ ಬರುತ್ತೆ ಅಂತ. ದಲ್ಲಾಳಿ ಹೇಳಿದ್ದು ಕೇಳುವ ಬೆಲೆ. ಕೊಟ್ಟು ತಗೊಂಡ ಬೆಲೆ ಅಲ್ಲ.

ಪಾಲಿಗೆ ಬೇಕಾದ್ದು ಅವಸರವಿಲ್ಲದ ಮಾರುವವನೂ ತಿಳಿದ ಕೊಳ್ಳುವವನೂ ಒಪ್ಪುವ ಬೆಲೆ. ಕಟ್ಟಡದ ಲೆಕ್ಕ ಹೀಗೆ ಹಾಕುತ್ತೇವೆ (ಅಳತೆ, ರೇಟುಗಳು ಉದಾಹರಣೆಗೆ ಮಾತ್ರ): ಮನೆ 1,800 ಚದರಡಿ, ಇವತ್ತು ಅಂಥದ್ದೇ ಕಟ್ಟಲು ಅಡಿಗೆ 1,600 ರೂಪಾಯಿ ಅಂದರೆ 28.8 ಲಕ್ಷ. ಆಯುಷ್ಯ 60 ವರ್ಷ ಅಂತಿಟ್ಟುಕೊಂಡರೆ 40 ಕಳೆದಿದೆ. ಕೆಡವಿದರೂ ಉಳಿಯುವ ಸಾಮಾನಿಗೆ ಶೇಕಡಾ 10 ಬಿಟ್ಟು, ಮಿಕ್ಕ 90ರಲ್ಲಿ 60ಕ್ಕೆ 40ರಂತೆ ಸವಕಳಿ ತೆಗೆದರೆ ಶೇಕಡಾ 60 ಹೋಗುತ್ತೆ, ಉಳಿಯೋದು ಸುಮಾರು 11.5 ಲಕ್ಷ. ಜಾಗ 12 ಗುಂಟೆ, ಗುಂಟೆಗೆ ಒಂದೂವರೆ ಲಕ್ಷ ಹಿಡಿದರೆ 18. ಒಟ್ಟು 29.5. ಆದರೆ ಮಲೆನಾಡಿನ ಮನೆಗೆ ಈ ಸೂತ್ರ ಪೂರ್ತಿ ಹೊಂದುವುದಿಲ್ಲ ಮಾರಾಯ್ರೆ. ತೊಲೆ, ಕಂಬ, ಬಾಗಿಲು ಒಳ್ಳೆಯ ಮರದ್ದಾದರೆ ಆ ಶೇಕಡಾ 10 ತೀರಾ ಕಮ್ಮಿ. ಒರಲೆ ಹಿಡಿದಿದ್ದರೆ ಅದೂ ಸಿಗಲ್ಲ. ಅಟ್ಟ ಹತ್ತಿ ತೊಲೆಗೆ ಕೈ ಹಚ್ಚಿ ನೋಡದ ವ್ಯಾಲ್ಯುಯರ್ ಮನೆ ನೋಡಿದ ಹಾಗಲ್ಲ.

ಜಾಗದ ರೇಟು ಹಿಡಿಯುವುದು ಇನ್ನೂ ಕಷ್ಟ. ಹಳ್ಳಿ ಕಡೆ ಎಷ್ಟೋ ಕ್ರಯಪತ್ರದಲ್ಲಿ ಗೈಡೆನ್ಸ್ ಮೊತ್ತವಷ್ಟೇ ಕಾಣುತ್ತೆ. ಬರೀ ಪತ್ರ ನೋಡಿದರೆ ನಿಮ್ಮಣ್ಣನ 14ಕ್ಕೇ ಬಂದು ನಿಲ್ಲುತ್ತೆ. ಹಾಗಾಗಿ ನಾವು ಸುತ್ತಮುತ್ತ ಈಚೆಗೆ ಮಾರಿದವರನ್ನೂ ಕೊಂಡವರನ್ನೂ ಬೇರೆ ಬೇರೆ ಕೂರಿಸಿ ಕೇಳುತ್ತೇವೆ. ಚಾ ಅಂಗಡಿಯಲ್ಲಿ ಸಿಗುವ ಮಾಹಿತಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗಲ್ಲ.

ಕರೆಸುವ ಮೊದಲು ಕಾಗದ ತೆಗೆದಿಡಿ: ಇ-ಸ್ವತ್ತಿನ ನಮೂನೆ (ಪಂಚಾಯ್ತಿಯ ಆಸ್ತಿ ದಾಖಲೆ), ಇಸಿ (ಋಣಭಾರ ಪತ್ರ), ಹಿಂದಿನ ಪಾಲುಪಟ್ಟಿ ಇದ್ದರೆ ಅದು, ಸರ್ವೆ ನಕ್ಷೆ. ನಮ್ಮ ಕಡೆ ಮನೆ ಗ್ರಾಮಠಾಣಾದಲ್ಲಿದ್ದು (ಊರಿನ ವಾಸದ ಜಾಗ) ಕೊಟ್ಟಿಗೆ, ಅಡಿಕೆ ಅಂಗಳ ಸರ್ಕಾರಿ ಜಾಗದಲ್ಲಿರೋದು ಮಾಮೂಲು. ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡುಜಾಗ) ಅನುಭವದಲ್ಲಿ ಮಾತ್ರ ಇರುತ್ತೆ, ಒಡೆತನ ನಿಮ್ಮದಲ್ಲ. ಇವನ್ನೆಲ್ಲ ಸ್ವಂತದ್ದರ ಜೊತೆ ಕೂಡಿಸಿ ಬರೆದ ವರದಿ ಬೇಡ, ಪ್ರತ್ಯೇಕ ತೋರಿಸಲಿ. ಅಳತೆ ಮಾಡಿಸಿದರೆ 12 ಗುಂಟೆ 9 ಆಗಿದ್ದೂ ಇದೆ, ಬೇಲಿ ನಂಬಬೇಡಿ.

ಕರೆಸುವುದು ಯಾರನ್ನು? ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿದವರು ಒಂದು ಬಗೆ. 2017ರ ನಿಯಮಗಳಡಿ ಐಬಿಬಿಐ (ಭಾರತೀಯ ದಿವಾಳಿತನ ಮಂಡಳಿ) ನೋಂದಣಿ ಪಡೆದವರು ಇನ್ನೊಂದು. ಅವರಲ್ಲಿ ‘ಜಮೀನು ಮತ್ತು ಕಟ್ಟಡ’ ವಿಭಾಗದವರೇ ಬೇಕು, ಯಂತ್ರ, ಷೇರು ನೋಡುವವರು ಬೇರೆ. ಶುಲ್ಕ ಮೊದಲೇ ಬರೆಸಿಕೊಳ್ಳಿ. ‘ಎಷ್ಟು ತೋರಿಸಬೇಕು ಹೇಳಿ’ ಅಂತ ಶುರು ಮಾಡಿದವರಿಗೆ ಚಾ ಕೊಟ್ಟು ಕಳಿಸಿ. ಮೂವರೂ ಸೇರಿ ಒಬ್ಬರನ್ನೇ ನೇಮಿಸಿ. ನೀವೊಬ್ಬರು, ಅಣ್ಣ ಒಬ್ಬರು ಅಂತಾದರೆ ಜಗಳಕ್ಕೆ ಎರಡು ವರದಿ ಸಿಕ್ಕಂತೆ. ಅಕ್ಕನ ಒಪ್ಪಿಗೆ, ಸಹಿ ಮರೀಬೇಡಿ.

ಪ್ರಶ್ನೆ (ಶಿವಮೊಗ್ಗ): ನಾನೂ ಒಂದು ಕೇಳ್ಲಾ? 1988ರಲ್ಲಿ ಕೊಂಡ ವಿನೋಬನಗರದ ಮನೆ ಮಾರ್ತಿದ್ದೇವೆ. ಆಡಿಟರ್ 2001ರ ವ್ಯಾಲ್ಯುಯೇಶನ್ ಕೇಳ್ತಿದ್ದಾರೆ. ಮಾರೋದು ಈಗ, ಆ ಬೆಲೆ ಯಾಕೆ?

ಉತ್ತರ: ಲಾಭದ ತೆರಿಗೆಗೆ. 2001ರ ಏಪ್ರಿಲ್ 1ಕ್ಕಿಂತ ಮುಂಚೆ ಕೊಂಡ ಆಸ್ತಿಗೆ ಆ ತಾರೀಕಿನ ಬೆಲೆಯನ್ನೇ ನಿಮ್ಮ ಅಸಲು ಅಂತ ಹಿಡಿಯಬಹುದು. ಅವತ್ತಿನ ಗೈಡೆನ್ಸ್ ದರ ಸಿಗುವುದಾದರೆ ಅದನ್ನು ಮೀರುವ ಹಾಗಿಲ್ಲ, ಆದ್ದರಿಂದ ಮೊದಲು ಉಪನೋಂದಣಿ ಕಚೇರಿಯಲ್ಲಿ ಹಳೇ ದರಪಟ್ಟಿ ಕೇಳಿ. 2001ರ ನಂತರ ಕಟ್ಟಿದ ಮಹಡಿ ಇದ್ದರೆ ಅದರ ಖರ್ಚು ಬೇರೆ ಲೆಕ್ಕ.

ಪ್ರಶ್ನೆ (ಸೊಗಾನೆ ಹತ್ತಿರದವರು): ಏರ್‌ಪೋರ್ಟ್ ಬಂತಲ್ಲ ಸರ್, ನಮ್ಮ ಸೈಟು ಡಬ್ಬಲ್ ಅಂತಾರೆ?

ಉತ್ತರ: ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿಯಲ್ಲಿ. ಅಂತಾರೆ ಅನ್ನೋದು ಬಿಡಿ, ಆ ಬೆಲೆಗೆ ಕೊಂಡವರು ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಇದ್ದರೆ ವರದಿಯಲ್ಲಿ ಬರೀತೇವೆ.

ಮೊದಲ ಪ್ರಶ್ನೆಯವರು: ಥ್ಯಾಂಕ್ಸ್ ಸರ್. ಅಣ್ಣನೂ ಇದನ್ನ ಓದಿದ. ಒಬ್ಬರನ್ನೇ ಕರೆಸೋಣ, ಆದ್ರೆ ಜುಲೈನಲ್ಲೇ ಕರೆಸೋಣ ಅಂತಾನೆ. ಬೇಸಿಗೆ ತನಕ ಕಾಯೋದು ಒಳ್ಳೇದಾ?

ಉತ್ತರ: ನಿಮ್ಮಣ್ಣ ಜಾಣ. ಜುಲೈನಲ್ಲಿ ಸೋರುವ ಮಾಡು ಕಾಣುತ್ತೆ, ತುಂಬಿದ ಬಾವಿಯೂ ಕಾಣುತ್ತೆ. ಏಪ್ರಿಲ್‌ನಲ್ಲಿ ಎರಡೂ ತಿರುಗುಮುರುಗು. ಮಳೆಯಲ್ಲೇ ಬರಲಿ, ಬಾವಿ ಬೇಸಿಗೆಯಲ್ಲಿ ಎಷ್ಟಿಳಿಯುತ್ತೆ ಅಂತ ಪಕ್ಕದ ಮನೆಯವರನ್ನು ಕೇಳಿ ಬರೆದುಕೊಳ್ಳಲಿ.