ಶಾಲೆ ಕಾಲುದಾರಿಯ ಕೆಸರು – ಈಗಲ್ ಸ್ಕೌಟ್ ಪ್ರಾಜೆಕ್ಟ್ ಆಗಿ ತಗೊಳ್ಳೋ ವಿಚಾರ

ಮನೆ 12 (ಅಸೋಸಿಯೇಷನ್ ಕಾರ್ಯದರ್ಶಿ):
ಎಲ್ಲರಿಗೂ ನಮಸ್ಕಾರ. ನಮ್ಮ ರಸ್ತೆ ತುದಿಯಿಂದ ಎಲಿಮೆಂಟರಿ ಸ್ಕೂಲ್ ಹಿಂದಿನ ಗೇಟಿಗೆ ಹೋಗೋ ಕಾಲುದಾರಿ ಮತ್ತೆ ಗದ್ದೆ ಆಗಿದೆ. ಸುಮಾರು 60 ಅಡಿ ಉದ್ದಕ್ಕೆ ಕಾಲಿಡೋ ಹಾಗಿಲ್ಲ. ಮಕ್ಕಳು ಅದನ್ನ ಬಿಟ್ಟು ಸೈಡ್‌ವಾಕ್ ಇಲ್ಲದ ಮೇನ್ ರೋಡ್ ಅಂಚಲ್ಲಿ ನಡೀತಿದಾರೆ. ಮನೆ 27ರ ಹುಡುಗ ಈಗ ಲೈಫ್ ಸ್ಕೌಟ್ (ಇಲ್ಲಿ ಅಮೆರಿಕದ ಸ್ಕೌಟಿಂಗ್‌ನಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ ಈಗಲ್, ಅದರ ಹಿಂದಿನದು ಲೈಫ್; ಈಗಲ್ ಆಗೋಕೆ ಒಂದು ಸೇವಾ ಪ್ರಾಜೆಕ್ಟ್ ಮಾಡಬೇಕು). ಇದನ್ನೇ ಈಗಲ್ ಪ್ರಾಜೆಕ್ಟ್ ಮಾಡ್ತೀನಿ ಅಂತ ಮುಂದೆ ಬಂದಿದಾನೆ. ಏನಂತೀರಿ?

ಮನೆ 33:
ಭಾಳ ಛಲೋ ಆತ್ರಿ. ಮನಿಗೆ 25 ಡಾಲರ್ ಹಾಕಿದ್ರ ಮುಗೀತು. ಇವತ್ತ ರೊಕ್ಕ ಕಳಸಾಕ ಜೆಲ್ (Zelle) ನಂಬರ್ ಕಳಸ್ರಿ, ಶನಿವಾರ ಕೆಲಸ ಶುರು ಮಾಡೂಣು.

ಮನೆ 8 (ಟ್ರೂಪ್ ಕಮಿಟಿ, ಅಂದ್ರೆ ಸ್ಕೌಟ್ ತಂಡದ ಸಮಿತಿ):
ಅಂಕಲ್, ಎರಡೂ ಈಗಲೇ ಬೇಡ. ದುಡ್ಡೂ ಬೇಡ, ಸನಿಕೆಯೂ ಬೇಡ. ಪ್ರಪೋಸಲ್‌ಗೆ ನಾಲ್ಕು ಸಹಿ ಬೀಳೋ ಮುಂಚೆ ಕೆಲಸ ಶುರುವಾದ್ರೆ ಅದು ಪ್ರಾಜೆಕ್ಟ್ ಲೆಕ್ಕಕ್ಕೇ ಬರದೆ ಹೋಗಬಹುದು. ಫಲಾನುಭವಿ ಸಂಸ್ಥೆ (ಯಾರಿಗೋಸ್ಕರ ಕೆಲಸ ಮಾಡ್ತೀವೋ ಅವರು), ಟ್ರೂಪ್ ಮುಖ್ಯಸ್ಥ ಸ್ಕೌಟ್‌ಮಾಸ್ಟರ್, ಟ್ರೂಪ್ ಕಮಿಟಿ, ಕೊನೆಗೆ ಸ್ಕೌಟಿಂಗ್‌ನ ಸ್ಥಳೀಯ ಕೌನ್ಸಿಲ್ ಅಥವಾ ಅದರ ಡಿಸ್ಟ್ರಿಕ್ಟ್, ಈ ನಾಲ್ಕು. ಈಗಲ್ ಪ್ರಾಜೆಕ್ಟ್ ವರ್ಕ್‌ಬುಕ್ ಅನ್ನೋ ಅಧಿಕೃತ ನಮೂನೆಯಲ್ಲೇ ಸಹಿ ಮಾಡಿಸಬೇಕು, ಇಮೇಲ್‌ನಲ್ಲಿ "ಓಕೆ" ಅಂದ್ರೆ ಸಾಲದು.

ದುಡ್ಡಿನ ವಿಷಯ: ಹುಡುಗ, ಅವನ ಅಪ್ಪ ಅಮ್ಮ, ನೆಂಟರು, ಟ್ರೂಪ್ ಮತ್ತು ಅದರ ಸದಸ್ಯರು, ಟ್ರೂಪ್ ನಡೆಸೋ ಸಂಸ್ಥೆ, ಫಲಾನುಭವಿ ಸಂಸ್ಥೆ, ಇವರು ಕೊಟ್ರೆ ಬೇರೆ ಅನುಮತಿ ಬೇಕಿಲ್ಲ. ನಾವು ಅಕ್ಕಪಕ್ಕದವರು ಆ ಪಟ್ಟೀಲಿ ಇಲ್ಲ. ಹಾಗಾಗಿ ವರ್ಕ್‌ಬುಕ್‌ನಲ್ಲಿರೋ ಫಂಡ್‌ರೈಸಿಂಗ್ ಅರ್ಜಿ ಕೌನ್ಸಿಲ್‌ನಲ್ಲಿ ಮೊದಲು ಪಾಸಾಗಬೇಕು. ಕೊಟ್ಟಿದ್ದು ಫಲಾನುಭವಿ ಪರವಾಗಿ, ಮಿಕ್ಕಿದ್ದೂ ಅವರಿಗೇ ಸೇರುತ್ತೆ ಅಂತ ಕೊಡೋವ್ರಿಗೆ ಮುಂಚೇನೇ ಹೇಳಬೇಕು.

ಮನೆ 12:
ಫಲಾನುಭವಿ ಅಂದ್ರೆ ನಮ್ಮ ಅಸೋಸಿಯೇಷನ್ ತಾನೆ?

ಮನೆ 8:
ಆಗದಿದ್ರೆ ಒಳ್ಳೇದು ಸರ್. ನಿಯಮದ ಪ್ರಕಾರ ಪ್ರಾಜೆಕ್ಟ್ ಶಾಲೆ, ಧಾರ್ಮಿಕ ಸಂಸ್ಥೆ ಅಥವಾ ಸಮುದಾಯಕ್ಕೆ ಉಪಯೋಗ ಆಗಬೇಕು. ಖಾಸಗಿ ವ್ಯಕ್ತಿಗಾಗಲಿ ವ್ಯಾಪಾರಕ್ಕಾಗಲಿ ಮಾಡೋ ಹಾಗಿಲ್ಲ. ಮನೆ ಮಾಲೀಕರ ಸಂಘ ಅಂದ ತಕ್ಷಣ "ಇದು ಯಾರ ಆಸ್ತಿಗೆ ಲಾಭ?" ಅನ್ನೋ ಪ್ರಶ್ನೆ ಬರುತ್ತೆ. ಕೌಂಟಿ ವೆಬ್‌ಸೈಟಿನ ಪಾರ್ಸೆಲ್ ಮ್ಯಾಪ್ (ಯಾವ ಜಾಗ ಯಾರದು ಅನ್ನೋ ನಕ್ಷೆ) ನೋಡಿದೆ, ಕೆಸರಿರೋ ಭಾಗ ಪೂರ್ತಿ ಸ್ಕೂಲ್ ಡಿಸ್ಟ್ರಿಕ್ಟ್ ಜಾಗ. ಅವರೇ ಫಲಾನುಭವಿ ಆಗ್ಲಿ. ಪ್ರಿನ್ಸಿಪಾಲ್ ಖುಷಿಯಿಂದ ಹೂಂ ಅಂತಾರೆ, ಆದ್ರೆ ನೆಲ ಅಗೆಯೋಕೆ ಒಪ್ಪಿಗೆ ಕೊಡೋದು ಡಿಸ್ಟ್ರಿಕ್ಟ್‌ನ ಫೆಸಿಲಿಟೀಸ್ ವಿಭಾಗ. ತಡ ಆಗೋದೆಲ್ಲ ಅಲ್ಲೇ.

ಮನೆ 27:
ಮಗನಿಗೆ ಮುಂದಿನ ಮೇಗೆ 18 ತುಂಬುತ್ತೆ. ಅಷ್ಟರೊಳಗೆ ಆಗುತ್ತಾ ಆಂಟಿ?

ಮನೆ 8:
ಆಗುತ್ತಮ್ಮ, ಕೆಲಸ ಮಾರ್ಚ್ ಒಳಗೆ ಮುಗಿದ್ರೆ. ಹುಟ್ಟುಹಬ್ಬಕ್ಕೆ ಮುಂಚೆ ಪ್ರಾಜೆಕ್ಟ್, 21 ಮೆರಿಟ್ ಬ್ಯಾಡ್ಜ್ (ಒಂದೊಂದು ವಿಷಯ ಕಲಿತು ಗಳಿಸೋ ಪದಕ), ಲೈಫ್ ಆದ್ಮೇಲೆ ಟ್ರೂಪ್‌ನಲ್ಲಿ ಆರು ತಿಂಗಳ ಜವಾಬ್ದಾರಿ ಹುದ್ದೆ, ಸ್ಕೌಟ್‌ಮಾಸ್ಟರ್ ಜೊತೆಗಿನ ಮಾತುಕತೆ (ಕಾನ್ಫರೆನ್ಸ್) ಎಲ್ಲ ಮುಗಿದಿರಬೇಕು. ಬೋರ್ಡ್ ಆಫ್ ರಿವ್ಯೂ, ಅಂದ್ರೆ ಕೊನೆಯ ಸಂದರ್ಶನ, ಮಾತ್ರ ಆಮೇಲೆ ಆದ್ರೂ ನಡೆಯುತ್ತೆ. ಪರ್ಸನಲ್ ಮ್ಯಾನೇಜ್‌ಮೆಂಟ್ ಬ್ಯಾಡ್ಜ್ ಆಗಿದೆಯಾ ನೋಡಿ. ಅದರಲ್ಲಿ 13 ವಾರ ಖರ್ಚಿನ ಲೆಕ್ಕ ಬರೀಬೇಕು, ಕೊನೇಲಿ ಅವಸರದಲ್ಲಿ ಮುಗಿಸೋಕೆ ಆಗಲ್ಲ. ಎಷ್ಟೋ ಮಕ್ಕಳು ಪ್ರಾಜೆಕ್ಟ್ ಮುಗಿಸಿ ಇಲ್ಲೇ ಸಿಕ್ಕಿಹಾಕಿಕೊಳ್ತಾರೆ.

ಮನೆ 45 (ಸಿವಿಲ್ ಎಂಜಿನಿಯರ್):
ಇನ್ನು ಕೆಲಸದ ವಿಷಯ. ಬರೀ ಜಲ್ಲಿ ತಂದು ಸುರಿದ್ರೆ ಒಂದು ಚಳಿಗಾಲದಲ್ಲಿ ಕೆಸರು ನುಂಗುತ್ತೆ. ಮೇಲ್ಗಡೆ ಮನೆಗಳ ನೀರು ದಾರಿಗೆ ಅಡ್ಡ ಹರಿದು ಬರೋದೇ ಮೂಲ ಕಾರಣ. ಮೊದಲು ಮೇಲಿನ ಬದಿಗೆ ಅಗಲವಾದ, ಆಳ ಕಡಿಮೆ ಇರೋ ಹುಲ್ಲಿನ ಕಾಲುವೆ ತೆಗೆದು ನೀರು ತಿರುಗಿಸಬೇಕು. ಕೆಳಗೆ ಪೈಪ್ ಹಾಕೋಣ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ. ಎಲೆ ಉದುರೋ ಕಾಲ ಒಂದು ಬಂದ್ರೆ ಸಾಕು, ಸಣ್ಣ ಪೈಪ್ ಕಟ್ಟಿಕೊಳ್ಳುತ್ತೆ, ಆಮೇಲೆ ಯಾರೂ ತೆಗೆಯಲ್ಲ.

ಆಮೇಲೆ 60 ಅಡಿ ಉದ್ದ, 4 ಅಡಿ ಅಗಲ, 4 ಇಂಚು ಆಳ ಅಗೆದು, ನೇಯ್ದ ಜಿಯೋಟೆಕ್ಸ್‌ಟೈಲ್ (ಜಲ್ಲಿ ಮಣ್ಣಿಗೆ ಇಳಿಯದ ಹಾಗೆ ತಡೆಯೋ ಗಟ್ಟಿ ಬಟ್ಟೆ) ಹಾಸಬೇಕು. ಕಳೆ ಬರದ ಹಾಗೆ ಹೂಗಿಡಕ್ಕೆ ಹಾಸೋ ತೆಳು ಬಟ್ಟೆ ಅಲ್ಲ, ಅದು ಹರಿದುಹೋಗುತ್ತೆ. ಜೋಡಿಸೋ ಕಡೆ ಒಂದೂವರೆ ಅಡಿ ಒಂದರ ಮೇಲೊಂದು ಬರಲಿ.

ಜಲ್ಲಿ ಲೆಕ್ಕ: ಅಗೆದ ಜಾಗ 80 ಘನ ಅಡಿ, ಅಂದ್ರೆ ಹತ್ತಿರ ಹತ್ತಿರ 3 ಕ್ಯೂಬಿಕ್ ಯಾರ್ಡ್. ದಮ್ಮಸ್ಸು ಹೊಡೆದಾಗ ಇಳಿಯುತ್ತೆ, ಅದಕ್ಕೆ ಮೂರೂವರೆ ಯಾರ್ಡ್ ಹೇಳಿ, ಸುಮಾರು 5 ಟನ್. ಮುಕ್ಕಾಲು ಇಂಚಿನಿಂದ ಪುಡಿವರೆಗೆ ಎಲ್ಲ ಬೆರೆತಿರೋ ಕ್ರಷರ್ ರನ್ ಬೇಕು. ಗುಂಡಗಿರೋ ನದಿ ಕಲ್ಲು ನೋಡೋಕೆ ಚೆಂದ, ಆದ್ರೆ ಕಚ್ಚಿಕೊಳ್ಳಲ್ಲ, ಸ್ಟ್ರೋಲರ್ ಚಕ್ರ ಹೂತುಹೋಗುತ್ತೆ. ಎರಡು ಪದರ ಹಾಕಿ, ಪ್ರತಿ ಪದರಕ್ಕೂ ಸ್ವಲ್ಪ ನೀರು ಚಿಮುಕಿಸಿ ಪ್ಲೇಟ್ ಕಾಂಪ್ಯಾಕ್ಟರ್ (ದಮ್ಮಸ್ಸು ಹೊಡೆಯೋ ಯಂತ್ರ) ಓಡಿಸಿ. 4 ಅಡಿ ಅಗಲಕ್ಕೆ ಕೆಳಬದಿಗೆ 1 ಇಂಚು ಇಳಿಜಾರು ಸಾಕು. ಅದಕ್ಕಿಂತ ಹೆಚ್ಚಾದ್ರೆ ವೀಲ್‌ಚೇರ್ ಪಕ್ಕಕ್ಕೆ ಎಳೆಯುತ್ತೆ.

ಮನೆ 19:
ಎರಡೂ ಅಂಚಿಗೆ ಮರದ ತೊಲೆ ಕೂರಿಸಿದ್ರೆ ನೀಟಾಗಿ ಕಾಣುತ್ತಲ್ವಾ?

ಮನೆ 45:
ಕೆಳಬದಿಗೆ ತೊಲೆ ಇಟ್ರೆ ನಾವೇ ಅಣೆಕಟ್ಟು ಕಟ್ಟಿದ ಹಾಗೆ. ಬೇಕೇ ಬೇಕು ಅಂದ್ರೆ ಅಲ್ಲಲ್ಲಿ ಸಂದು ಬಿಡಿ. ನನ್ನ ಕೇಳಿದ್ರೆ ಹುಲ್ಲಿನ ಮಟ್ಟಕ್ಕೇ ಜಲ್ಲಿ ನಿಲ್ಲಿಸಿ, ತೊಲೆ ಖರ್ಚೇ ಬೇಡ.

ಎಲ್ಲರೂ ಮರೆಯೋದು ಅಗೆದು ತೆಗೆದ ಮಣ್ಣು. ಸಡಿಲ ಆದ್ಮೇಲೆ ಅದು 4 ಯಾರ್ಡ್ ಹತ್ತಿರ ಬರುತ್ತೆ. ಎಲ್ಲಿ ಹಾಕಬೇಕು ಅಂತ ಶಾಲೆಯವರಿಂದ ಮೊದಲೇ ಬರೆಸ್ಕೊಳ್ಳಿ. ಚರಂಡಿ ಪಕ್ಕ ಗುಡ್ಡೆ ಹಾಕಿದ್ರೆ ಮೊದಲ ಮಳೆಗೇ ಒಳಗೆ ಇಳಿಯುತ್ತೆ. ಇನ್ನೊಂದು: ಆ ದಿನ ತುಂಬಿಸೋಕಾಗುವಷ್ಟೇ ಅಗೀರಿ. ಅಗೆದು ಬಿಟ್ಟು ರಾತ್ರಿ ಮಳೆ ಬಂದ್ರೆ ಕೈಯಲ್ಲಿರೋದು ಉದ್ದನೆಯ ಕೊಳ.

ಮನೆ 21:
811ಕ್ಕೆ ಫೋನ್ ಮಾಡೋದು ಬರ್ಕೊಳ್ಳಿ, ಅಗೆಯೋ ಮುಂಚೆ ನೆಲದೊಳಗಿನ ಲೈನುಗಳನ್ನ ಅವರು ಬಂದು ಗುರುತು ಮಾಡಿಸ್ತಾರೆ. ಕೈ ಸನಿಕೆ ಆದ್ರೂ ಮಾಡಲೇಬೇಕು, ಪುಕ್ಕಟೆ, ಕೆಲವು ದಿನ ಮುಂಚೆ ಹೇಳಬೇಕು. ಹಳದಿ ಬಾವುಟ ಗ್ಯಾಸ್, ಕೆಂಪು ಕರೆಂಟು, ಕಿತ್ತಳೆ ಫೋನು-ಕೇಬಲ್, ನೀಲಿ ನೀರು, ಹಸಿರು ಒಳಚರಂಡಿ. ಶಾಲೆಯ ಸ್ಪ್ರಿಂಕ್ಲರ್ ಪೈಪನ್ನ ಮಾತ್ರ ಅವರು ಗುರುತು ಮಾಡಲ್ಲ, ಖಾಸಗಿ ಲೈನು ಅದು. ಶಾಲೆಯವರನ್ನೇ ಕೇಳಬೇಕು.

ಮನೆ 33:
ನಮ್ಮ ಅಣ್ಣನ ಮಗನೂ ಲೈಫ್ ಸ್ಕೌಟ್ ಅದಾನ್ರಿ. ಇಬ್ರೂ ಕೂಡಿ ಇದ ಒಂದ ಮಾಡಿದ್ರ ಇಬ್ರಿಗೂ ಆಗಂಗಿಲ್ಲೇನು?

ಮನೆ 8:
ಇಲ್ಲ ಅಂಕಲ್, ಒಂದು ಪ್ರಾಜೆಕ್ಟ್ ಒಬ್ಬರಿಗೇ. ಅವನು ಬಂದು ಕೆಲಸ ಮಾಡಿದ್ರೆ ಸೇವಾ ಗಂಟೆ ಸಿಗುತ್ತೆ. ಗೇಟ್ ಹತ್ರ ಮಕ್ಕಳು ಕಾಯೋಕೆ ಬೆಂಚು ಬೇಕು ಅಂತಿದ್ರಲ್ಲ, ಅದಕ್ಕೆ ಅವನೇ ಬೇರೆ ಪ್ರಪೋಸಲ್ ಹಾಕ್ಲಿ.

ಮನೆ 52:
ಹೆಣ್ಮಕ್ಕಳಿಗೂ ಇದೆಯಾ?

ಮನೆ 8:
ಇದೆ. 2019ರಿಂದ ಹುಡುಗಿಯರ ಟ್ರೂಪ್‌ಗಳಿವೆ, ಈಗಲ್ ಷರತ್ತುಗಳೆಲ್ಲ ಒಂದೇ. ಗರ್ಲ್ ಸ್ಕೌಟ್ಸ್ ಬೇರೆ ಸಂಸ್ಥೆ, ಅವರ ಅತಿ ದೊಡ್ಡ ಪ್ರಶಸ್ತಿ ಗೋಲ್ಡ್ ಅವಾರ್ಡ್. ಅಲ್ಲಿ 80 ಗಂಟೆ ಅಂತ ಸೂಚನೆ ಇದೆ, ಹುಡುಗಿ ಕೈಬಿಟ್ಟ ಮೇಲೂ ಕೆಲಸ ಮುಂದುವರಿಯೋ ಹಾಗೆ ತೋರಿಸಬೇಕು. ಈಗಲ್‌ಗೆ ಕನಿಷ್ಠ ಗಂಟೆ ಅಂತೇನೂ ಇಲ್ಲ, ನೋಡೋದು ನಾಯಕತ್ವ. ಕಡೇ ಪಕ್ಷ ಇನ್ನಿಬ್ಬರನ್ನಾದ್ರೂ ಮುನ್ನಡೆಸಿರಬೇಕು.

ಅದಕ್ಕೇ ದೊಡ್ಡವರಿಗೆ ಒಂದು ಮಾತು. ಕಾಂಪ್ಯಾಕ್ಟರ್ ನಾವೇ ಓಡಿಸಬೇಕು, ಮಕ್ಕಳ ಕೈಗೆ ಕೊಡೋ ಹಾಗಿಲ್ಲ. ಉಳಿದ ಕಡೆ "ಹೀಗೆ ಮಾಡೋ, ಹಾಗೆ ಮಾಡೋ" ಅನ್ನೋದು ಬೇಡ. ಯಾರು ಏನು ಮಾಡಬೇಕು ಅಂತ ಆ ಹುಡುಗನೇ ಹೇಳ್ಲಿ, ತಡ ಆದ್ರೆ ಆಗ್ಲಿ. ಅಪ್ಪಂದಿರು ದಾರಿ ಕಟ್ಟಿ ಮಗ ಫೋಟೋಗೆ ನಿಂತಿದ್ದು ಬೋರ್ಡ್ ಆಫ್ ರಿವ್ಯೂನಲ್ಲಿ ಎರಡೇ ಪ್ರಶ್ನೆಗೆ ಗೊತ್ತಾಗುತ್ತೆ.

ಮನೆ 12:
ಆಮೇಲೆ ಹುಲ್ಲು ಕತ್ತರಿಸೋದು, ಕಾಲುವೆ ಎಲೆ ತೆಗೆಯೋದನ್ನೂ ಪ್ರಾಜೆಕ್ಟಿಗೇ ಸೇರಿಸೋಣ್ವಾ?

ಮನೆ 8:
ಮಾಮೂಲಿ ನಿರ್ವಹಣೆ ಕೆಲಸಕ್ಕೆ ಮಾನ್ಯತೆ ಇಲ್ಲ ಸರ್. ಅದನ್ನ ಅಸೋಸಿಯೇಷನ್ ಶಾಲೆ ಜೊತೆ ಮಾತಾಡಿ ವಹಿಸ್ಕೊಳ್ಳಲಿ.

ಮನೆ 45:
ಜಲ್ಲಿ ಲಾರಿ ಹುಲ್ಲಿನ ಮೇಲೆ ಬರೋದು ಬೇಡ. ರಸ್ತೆ ತುದೀಲಿ ಟಾರ್ಪಾಲ್ ಮೇಲೆ ಇಳಿಸಿ, ಚರಂಡಿ ಬಾಯಿ ಬಿಟ್ಟು. ಅಲ್ಲಿಂದ ವೀಲ್‌ಬ್ಯಾರೋ. ಚಿಕ್ಕ ಮಕ್ಕಳಿಗೆ ಒಂದೂವರೆ ಘನ ಅಡಿಗಿಂತ ಹೆಚ್ಚು ತುಂಬಬೇಡಿ, ಅಷ್ಟೇ 150 ಪೌಂಡ್ ಆಗುತ್ತೆ. ಆ ಲೆಕ್ಕಕ್ಕೆ 63 ಸಲ ಓಡಾಟ. ನಾಲ್ಕು ವೀಲ್‌ಬ್ಯಾರೋ ಆದ್ರೂ ಬೇಕು.

ಮನೆ 27:
ಎಲ್ಲ ಬರ್ಕೊಂಡಿದಾನೆ. ಫೆಸಿಲಿಟೀಸ್‌ಗೆ ಸೋಮವಾರ ಅವನೇ ಫೋನ್ ಮಾಡ್ತಾನೆ. ನಕ್ಷೆ ಬರೆದ ಮೇಲೆ 45ರ ಅಂಕಲ್‌ಗೆ ತೋರಿಸಲಾ ಅಂತ ಕೇಳ್ತಿದಾನೆ.

ಮನೆ 45:
ಭಾನುವಾರ ಸಂಜೆ ಬರೋಕೆ ಹೇಳಮ್ಮ. ಅಳತೆ ಟೇಪು, ದಾರ, ಲೈನ್ ಲೆವೆಲ್ ತರ್ಲಿ. ಇಳಿಜಾರು ಅಳೆದೇ ನಕ್ಷೆ ಹಾಕೋಣ.

ಮನೆ 33:
ನಮ್ಮ ಕಡೆ ಎರಡು ವೀಲ್‌ಬ್ಯಾರೋ ಅದಾವ್ರಿ. ರೊಕ್ಕದ್ದು ಅರ್ಜಿ ಪಾಸಾದ ಮ್ಯಾಲೆ ಹೇಳ್ರಿ.