ಕಪ್ಪು ಬೆಲ್ಜಿಯನ್ ಏಲ್‌ನ ರುಚಿ ಹೇಳುವ ಪದಗಳು: ಕಮರೋ, ಪಾಕವೋ?

ಮಾನ್ಯರೇ,

ಬೆಲ್ಜಿಯನ್ ಶೈಲಿಯ ಕಪ್ಪನೆಯ ಸ್ಟ್ರಾಂಗ್ ಏಲ್ (ಬಿಯರ್‌ನ ಒಂದು ಬಗೆ) ಒಂದರ ರುಚಿಯನ್ನು ಕನ್ನಡದಲ್ಲಿ ವಿವರಿಸುವ ಬರಹವೊಂದನ್ನು ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಸ್ನೇಹಿತರೊಬ್ಬರು ಸಿದ್ಧಪಡಿಸುತ್ತಿದ್ದು, ಪದಗಳ ವಿಷಯದಲ್ಲಿ ನಮ್ಮಿಬ್ಬರ ನಡುವೆ ಇತ್ಯರ್ಥವಾಗದೆ ಉಳಿದಿರುವ ಕೆಲವು ಪ್ರಶ್ನೆಗಳನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಕಾಫಿಯ ರುಚಿ ನೋಡಿ ಬೆಲೆ ಕಟ್ಟುವ ಸೀಮೆಯವರಾದ್ದರಿಂದ ಅವರು ಸಹಜವಾಗಿಯೇ ಕಾಫಿಯ ಪದಗಳನ್ನು ಇಲ್ಲಿಗೆ ತಂದು, ‘ಚೆನ್ನಾಗಿ ಹುರಿದ, ತುಸು ಕಮರಿದ ಕಹಿ’ ಎಂದು ಮೊದಲ ಸಾಲು ಬರೆದಿದ್ದಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ.

ಸ್ಟೌಟ್ ಎಂಬ ಐರಿಷ್ ಬಿಯರ್‌ನ ಕಪ್ಪು ಬಣ್ಣ ಹುರಿದ ಬಾರ್ಲಿಯಿಂದ ಬಂದದ್ದು. ಅಲ್ಲಿ ಕಾಫಿಯ ಪದಗಳು ಚೆನ್ನಾಗಿಯೇ ಒಗ್ಗುತ್ತವೆ. ಬೆಲ್ಜಿಯಂನ ಏಲ್‌ನಲ್ಲಾದರೋ ಬಣ್ಣಕ್ಕೆ ಬಹುಮಟ್ಟಿಗೆ ಕಾರಣವಾಗುವುದು ಕೆಂಪು ಕಂದಿ ಕಪ್ಪಾಗುವವರೆಗೆ ಕಾಯಿಸಿದ ಸಕ್ಕರೆಯ ಪಾಕ, ಅಂದರೆ ಅಲ್ಲಿಯವರು ಕ್ಯಾಂಡಿ ಎಂದು ಕರೆಯುವ, ಬೀಟ್ ಸಕ್ಕರೆಯಿಂದ ಮಾಡುವ ಪದಾರ್ಥ. ಹಾಪ್ಸ್ ಹೂವಿನ ಕಹಿಯೂ ಇದರಲ್ಲಿ ಹಿಂದೆಯೇ ನಿಲ್ಲುತ್ತದೆ. ಬಣ್ಣ ನೋಡಿ ಹುರಿದ ಕಹಿಯನ್ನು ನಿರೀಕ್ಷಿಸಿದವರಿಗೆ ಬಾಯಲ್ಲಿ ಸಿಗುವುದು ಒಣದ್ರಾಕ್ಷಿ, ಉತ್ತುತ್ತೆ, ಅಂಜೂರ, ಅದರ ಹಿಂದೆ ಯೀಸ್ಟ್‌ನಿಂದಲೇ ಹುಟ್ಟುವ ಲವಂಗದ ಎಳೆ. ಹೀಗಿರುವಾಗ ಪದಗಳನ್ನು ಕಾಫಿ ಹುರಿಯುವವರಿಂದಲ್ಲ, ಆಲೆಮನೆಯವರಿಂದ ಕೇಳಿ ತರಬೇಕು ಎಂಬುದು ನನ್ನ ವಾದ.

ತೊಡಕಿರುವುದೂ ಇಲ್ಲಿಯೇ. ಬೆಂಕಿ ಹೆಚ್ಚಾದದ್ದನ್ನು ಹೇಳುವ ನಮ್ಮ ಪದಗಳೆಲ್ಲ ದೂರುವ ಪದಗಳು: ಅನ್ನ ಸೀಯುತ್ತದೆ, ಹಾಲು ತಳ ಹಿಡಿಯುತ್ತದೆ, ಒಗ್ಗರಣೆ ಹೊತ್ತಿಹೋಗುತ್ತದೆ, ರೊಟ್ಟಿ ಕರಕಲಾಗುತ್ತದೆ, ‘ಕಮರು’ ಎಂದೊಡನೆ ಓದುವವರು ಪಾತ್ರೆಯ ಅಡಿ ನೋಡಲು ಏಳುತ್ತಾರೆ. ಹೊಗಳಿಕೆಗೆ ಸಲ್ಲುವುದು ‘ಹುರಿ’ ಒಂದೇ, ಅದು ಕಾಳಿಗೆ ಹೊಂದುವಂತೆ ಪಾಕಕ್ಕೆ ಹೊಂದುವುದಿಲ್ಲ. ಸಕ್ಕರೆ ಸೀಯುವ ಅಂಚಿಗೆ ಬಂದು, ಸೀಯದೆ, ಸಿಹಿಯ ಜೊತೆಗೆ ಒಂದಿಷ್ಟು ಕಹಿಯನ್ನೂ ಕೂಡಿಸಿಕೊಂಡ ಆ ಹದಕ್ಕೆ ಕನ್ನಡದಲ್ಲಿ ಒಂಟಿ ಪದವಿದೆಯೇ? ‘ಕಪ್ಪುಬೆಲ್ಲದ ರುಚಿ’ ಎಂದರೆ ಹತ್ತಿರ ಬರುತ್ತದೆ, ಆದರೆ ಬೆಲ್ಲವೆಂದರೆ ಸಿಹಿಯೇ ಮುಂದಾಗುತ್ತದೆ. ಈ ಪಾನೀಯದಲ್ಲಿ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿರುವುದರಿಂದ ಮೂಗಿಗೆ ಬಂದಷ್ಟು ಸಿಹಿ ನಾಲಿಗೆಗೆ ಉಳಿಯುವುದಿಲ್ಲ. ‘ಕಾಕಂಬಿ’ ಎಂದು ಸ್ನೇಹಿತರು ಸೂಚಿಸಿದರು. ಅರ್ಥಕ್ಕೆ ಸರಿ, ಆದರೆ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಹಾದುಹೋದವರು ಯಾರೂ ಅದನ್ನು ಪ್ರಶಂಸೆಯೆಂದು ಓದಲಾರರು.

‘ಸ್ಟ್ರಾಂಗ್’ ಎಂಬ ಪದವೂ ಕಾಫಿ ನಾಡಿನಲ್ಲಿ ದಾರಿ ತಪ್ಪಿಸುತ್ತದೆ. ಸ್ಟ್ರಾಂಗ್ ಕಾಫಿ ಎಂದರೆ ಡಿಕಾಕ್ಷನ್ ಗಟ್ಟಿ ಎಂದರ್ಥ. ಸ್ಟ್ರಾಂಗ್ ಬಿಯರ್ ಎಂದರೆ ಆಲ್ಕೋಹಾಲ್ ಹೆಚ್ಚು ಎಂದರ್ಥ. ಬೆಲ್ಜಿಯಂನ ಮಠಗಳಲ್ಲಿ ತಯಾರಾಗುವ ಏಲ್‌ಗಳ ಪೈಕಿ ಶಿಮೇಯ ನೀಲಿ ಪಟ್ಟಿಯ ಏಲ್‌ನಲ್ಲಿ ಶೇ. 9, ವೆಸ್ಟ್‌ವ್ಲೆಟೆರೆನ್ 12ರಲ್ಲಿ ಶೇ. 10.2, ರೋಶ್‌ಫೋರ್ 10ರಲ್ಲಿ ಶೇ. 11.3 ಆಲ್ಕೋಹಾಲ್ ಇರುತ್ತದೆ. (ಹೆಸರಿನಲ್ಲಿರುವ 12 ಮತ್ತು 10 ಆಲ್ಕೋಹಾಲ್‌ನ ಶೇಕಡಾವಾರು ಅಲ್ಲ, ಹುದುಗುವ ಮುನ್ನ ರಸ ಎಷ್ಟು ಸಾಂದ್ರವಾಗಿದೆಯೆಂದು ಅಳೆಯುವ ಹಳೆಯ ಬೆಲ್ಜಿಯನ್ ಮಾಪನದಿಂದ ಬಂದವು.) ಇಷ್ಟು ಅಮಲಿನ ಪಾನೀಯ ಗಂಜಿಯಂತೆ ದಪ್ಪವಾಗಿರಬೇಕೆಂದು ನಮಗೆ ತೋರುತ್ತದೆ, ಆದರೆ ಪಾಕದ ಸಕ್ಕರೆ ಬಹುಮಟ್ಟಿಗೆ ಆಲ್ಕೋಹಾಲ್ ಆಗಿ ತಿರುಗುವುದರಿಂದ ಬಾಯಲ್ಲಿ ಅದು ಅಷ್ಟೊಂದು ಭಾರವೆನಿಸುವುದಿಲ್ಲ. ಹಾಗಾಗಿ ಬಾಯಿಗೆ ತೋರುವ ದಪ್ಪಕ್ಕೆ ‘ಮಂದ’, ಆಲ್ಕೋಹಾಲ್‌ನ ಬಲಕ್ಕೆ ‘ಕಾವು’ ಎಂದು ಬೇರೆ ಬೇರೆಯಾಗಿ ಬಳಸಬಹುದೇ? ‘ಘಾಟು’ ಎಂಬುದನ್ನು ನಾನು ದೋಷಕ್ಕೆ ಮಾತ್ರ ಉಳಿಸಿಕೊಳ್ಳುತ್ತೇನೆ. ಚೆನ್ನಾಗಿ ಮಾಗಿದ ಏಲ್ ಎದೆಗೆ ಕಾವು ಕೊಡಬೇಕೇ ಹೊರತು ಮೂಗಿಗೆ ಘಾಟು ಹೊಡೆಯಬಾರದು.

ಷಡ್ರಸಗಳ ಸಂಸ್ಕೃತ ಹೆಸರುಗಳನ್ನೇ ಬಳಸಿದರೆ ಗೊಂದಲ ತಪ್ಪುತ್ತದೆ ಎಂಬ ಸಲಹೆಯೂ ಬಂದಿದೆ. ನನ್ನ ಅಭಿಪ್ರಾಯದಲ್ಲಿ ಗೊಂದಲ ಹೆಚ್ಚುತ್ತದೆ. ಆಯುರ್ವೇದದಲ್ಲಿ ‘ಕಟು’ ಎಂದರೆ ಮೆಣಸಿನ ಖಾರ, ಕಹಿಗೆ ಇರುವ ಹೆಸರು ‘ತಿಕ್ತ’. ಆದರೆ ಕಟುಟೀಕೆ, ಕಟುಸತ್ಯ ಎಂದು ದಿನವೂ ಓದುವವರಿಗೆ ಕಟು ಎಂದರೆ ಕಹಿಯೇ. ‘ಕಷಾಯ’ ಎಂದರೆ ಶಾಸ್ತ್ರದಲ್ಲಿ ಒಗರು. ಮಲೆನಾಡಿನ ಓದುಗರಿಗೆ ಅದು ಕೊತ್ತಂಬರಿ, ಜೀರಿಗೆ ಕುದಿಸಿ ಹಾಲು, ಬೆಲ್ಲ ಹಾಕಿದ ಪೇಯ. ಕೊತ್ತಂಬರಿ ಬೀಜ ಹಾಕಿ ಮಾಡುವ ಬೆಲ್ಜಿಯನ್ ಬಿಯರ್‌ಗಳೂ ಇರುವುದರಿಂದ, ‘ಕಷಾಯದ ರುಚಿಯಿದೆ’ ಎಂದು ಬರೆದರೆ ಓದುಗರು ತಪ್ಪರ್ಥವನ್ನೇ ಸಮಂಜಸವೆಂದು ನಂಬುವ ಅಪಾಯವಿದೆ.

ಒಗರಿನ ವಿಷಯಕ್ಕೆ ಬಂದರೆ, ಹಾಸನದ ಬಯಲುಸೀಮೆಯ ಕಡೆ ‘ಒಗರು’ ಎನ್ನುವಲ್ಲಿ ಕೊಪ್ಪ, ಶೃಂಗೇರಿಯ ಅಡಿಕೆ ಬೆಳೆಗಾರರ ಬಾಯಲ್ಲಿ ‘ಚೊಗರು’ ಬರುತ್ತದೆ. ಆದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸದ ಹೆಸರೂ ಚೊಗರೇ. ರುಚಿಯನ್ನು ಮಾತ್ರ ಹೇಳುವಾಗ ಈ ಎರಡರ ನಡುವೆ ಅಲ್ಲಿಯವರು ಯಾವುದಾದರೂ ವ್ಯತ್ಯಾಸ ಮಾಡುತ್ತಾರೆಯೇ ಎಂಬುದನ್ನು ಆ ಭಾಗದವರು ತಿಳಿಸಬೇಕು.

ಇನ್ನೊಂದು ಸಣ್ಣ ವಿಷಯ. ಈ ಏಲ್ ಬಾಟಲಿಯೊಳಗೇ ಎರಡನೆಯ ಬಾರಿ ಹುದುಗುವುದರಿಂದ ಯೀಸ್ಟ್ ತಳದಲ್ಲಿ ನಿಲ್ಲುತ್ತದೆ. ಎಣ್ಣೆಯದಾದರೆ ಮಡ್ಡಿ, ಟೀಯದಾದರೆ ಚರಟ. ಇದಕ್ಕೆ ‘ಗಸಿ’ ಎಂದು ಬರೆದಿದ್ದೇನೆ, ಆಕ್ಷೇಪವಿದ್ದರೆ ಹೇಳಿರಿ.

ಮುಖ್ಯವಾಗಿ ಬೇಕಾಗಿರುವುದು ಪಾಕದ ಪದ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯ ಆಲೆಮನೆಗಳ ಒಡನಾಟವಿರುವವರು ದಯವಿಟ್ಟು ವಿಚಾರಿಸಿ ತಿಳಿಸಬೇಕು: ಕೊಪ್ಪರಿಗೆ ಇಳಿಸುವುದು ಸ್ವಲ್ಪ ತಡವಾಗಿ, ಬೆಲ್ಲ ಕಪ್ಪಾದರೂ ಕೆಡದೆ ಉಳಿದಾಗ, ಆ ಪಾಕವನ್ನು ಅಲ್ಲಿಯವರು ಏನೆನ್ನುತ್ತಾರೆ?